ಆರ್ಕ್ಟಿಕ್‌ನಲ್ಲಿ ಇಬ್ಬರೇ ಮದುವೆಯಾಗೋದಾದ್ರೆ ಯಾವ ಕಾಲ ಒಳ್ಳೇದು?

ಈ ಸಲ ಬಂದ ಪತ್ರಗಳಲ್ಲಿ ಎಂಟು ಒಂದೇ ವಿಷಯದ ಮೇಲಿದ್ದವು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ತೆಗೆದುಕೊಂಡಿದ್ದೇನೆ. ಎಲೋಪ್‌ಮೆಂಟ್ ಅಂದ ಕೂಡಲೇ ಮನೆಯವರಿಗೆ ಹೇಳದೆ ಓಡಿಹೋಗೋದು ಅಂದುಕೊಳ್ಳಬೇಡಿ. ಈಗ ಆ ಪದವನ್ನು ಬಳಸೋದು ಬೇರೆ ಅರ್ಥದಲ್ಲಿ. ದೊಡ್ಡ ಹಾಲ್, ನೂರಾರು ಜನ, ಗದ್ದಲ ಯಾವುದೂ ಬೇಡ ಅಂತ ಇಬ್ಬರೇ, ಅಥವಾ ತೀರಾ ಹತ್ತಿರದ ನಾಲ್ಕೈದು ಜನರ ಜೊತೆ, ಮನಸ್ಸಿಗೆ ಹಿಡಿಸಿದ ಒಂದು ಜಾಗಕ್ಕೆ ಹೋಗಿ ಮದುವೆಯಾಗೋದು.

ಪ್ರಶ್ನೆ: ನಾನೂ ನನ್ನ ಹುಡುಗಿಯೂ ಆರ್ಕ್ಟಿಕ್‌ನಲ್ಲಿ ಮದುವೆಯಾಗಬೇಕು ಅಂತ ಎರಡು ವರ್ಷದಿಂದ ದುಡ್ಡು ಕೂಡಿಡುತ್ತಿದ್ದೇವೆ. ಅವಳಿಗೆ ಹಿಮ ಬೇಕು, ನನಗೆ ನಾರ್ದರ್ನ್ ಲೈಟ್ಸ್ ಬೇಕು, ಫೋಟೋದಲ್ಲಿ ಬೆಟ್ಟ ಸರಿಯಾಗಿ ಕಾಣಬೇಕು ಅನ್ನೋದು ಇಬ್ಬರ ಆಸೆ. ನಾರ್ವೆಯ ಟ್ರೊಮ್ಸೊ ಊರು ಅಥವಾ ಲೊಫೊಟೆನ್ ದ್ವೀಪಗಳು ಅಂದುಕೊಂಡಿದ್ದೇವೆ. ಯಾವ ತಿಂಗಳು ಹೋಗೋದು?

ಉತ್ತರ: ಮಾರ್ಚ್ ಎರಡನೇ ವಾರದಿಂದ ಏಪ್ರಿಲ್ ಮೊದಲ ವಾರದೊಳಗೆ ಹೋಗಿ. ನೀವು ಕೇಳಿದ ಮೂರೂ ಒಟ್ಟಿಗೆ ಸಿಗುವ ಕಾಲ ವರ್ಷದಲ್ಲಿ ಅದೊಂದೇ.

ಯಾಕೆ ಅಂತ ಹೇಳುತ್ತೇನೆ. ಬಹಳ ಜನ ತಿಂಗಳು ಆರಿಸುವಾಗ ಮೊದಲು ನೋಡೋದು ಚಳಿ ಎಷ್ಟು ಅಂತ. ಚಳಿಗೆ ಬಟ್ಟೆ ಇದೆ. ಬೆಳಕಿಗೆ ಏನೂ ಮಾಡೋಕಾಗಲ್ಲ. ಟ್ರೊಮ್ಸೊ ಇರೋದು ಸುಮಾರು 69.6 ಡಿಗ್ರಿ ಉತ್ತರದಲ್ಲಿ. ಅಲ್ಲಿ ನವೆಂಬರ್ 27ರ ಸುಮಾರಿಗೆ ಮುಳುಗಿದ ಸೂರ್ಯ ಮತ್ತೆ ತಲೆ ಎತ್ತೋದು ಜನವರಿ 15ರ ಹೊತ್ತಿಗೆ. ಹಾಗೇ ಮೇ 20ರಿಂದ ಜುಲೈ 22ರವರೆಗೆ ಸೂರ್ಯ ಮುಳುಗೋದೇ ಇಲ್ಲ. ಈ ಎರಡು ತುದಿಗಳ ನಡುವೆ ಬೆಳಕು ನಡೆಯೋದಿಲ್ಲ, ಓಡುತ್ತದೆ. ಮಾರ್ಚ್‌ನಲ್ಲಿ ದಿನಕ್ಕೆ ಎಂಟೊಂಬತ್ತು ನಿಮಿಷ ಹಗಲು ಉದ್ದವಾಗುತ್ತದೆ, ಅಂದರೆ ಒಂದು ವಾರಕ್ಕೆ ಒಂದು ಗಂಟೆ. ಹಾಗಾಗಿ ಅಲ್ಲಿ ಎರಡು ವಾರ ಹಿಂದೆ ಮುಂದೆ ಆದರೂ ನೀವು ನೋಡುವ ಊರೇ ಬೇರೆ ಅನ್ನಿಸುತ್ತದೆ.

ಮಾರ್ಚ್ 20ರ ಆಸುಪಾಸಿನಲ್ಲಿ ಹಗಲು ರಾತ್ರಿ ಹೆಚ್ಚುಕಮ್ಮಿ ಸಮ. ಮಧ್ಯಾಹ್ನವೂ ಸೂರ್ಯ ಸುಮಾರು ಇಪ್ಪತ್ತು ಡಿಗ್ರಿಗಿಂತ ಮೇಲೇರೋದಿಲ್ಲ, ಓರೆಯಾಗಿಯೇ ಬೀಳುತ್ತಾನೆ. ಫೋಟೋಗ್ರಾಫರ್‌ಗಳು ಬೇರೆ ಕಡೆ ಸಂಜೆ ಅರ್ಧ ಗಂಟೆಗಾಗಿ ಕಾಯುತ್ತಾರಲ್ಲ, ಆ ಹೊನ್ನಿನ ಬೆಳಕು ಇಲ್ಲಿ ಗಂಟೆಗಟ್ಟಲೆ ಇರುತ್ತದೆ. ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗಿದರೆ, ಎಂಟು ಎಂಟೂವರೆಗೆ ಅರೋರಾ, ಅಂದರೆ ನೀವು ಕೇಳಿದ ನಾರ್ದರ್ನ್ ಲೈಟ್ಸ್‌ನ ಬಣ್ಣದ ಬೆಳಕು, ಕಾಣುವಷ್ಟು ಕತ್ತಲು. ಒಂದೇ ದಿನದಲ್ಲಿ ಬಿಸಿಲಲ್ಲಿ ಮದುವೆ, ರಾತ್ರಿ ಆಕಾಶದಲ್ಲಿ ಹಸಿರು. ಸಮರಾತ್ರಿಯ ದಿನಗಳ ಹತ್ತಿರ ಭೂಮಿಯ ಕಾಂತಕ್ಷೇತ್ರವೂ ಸೂರ್ಯನಿಂದ ಬರುವ ಗಾಳಿಯೂ ಹೆಚ್ಚು ಸುಲಭವಾಗಿ ಬೆಸೆದುಕೊಳ್ಳುತ್ತವೆ, ಅದಕ್ಕೇ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಅರೋರಾ ಚಟುವಟಿಕೆ ಸ್ವಲ್ಪ ಜಾಸ್ತಿ. ಏಪ್ರಿಲ್ ಎರಡನೇ ವಾರ ದಾಟಿದರೆ ರಾತ್ರಿ ತೆಳುವಾಗಿಬಿಡುತ್ತದೆ. ಆಮೇಲೆ ಆಗಸ್ಟ್ ಕೊನೆಯವರೆಗೂ ಅರೋರಾ ಮರೆತುಬಿಡಿ.

ಇನ್ನು ಹಿಮ. ಡಿಸೆಂಬರ್‌ನಲ್ಲೇ ಹಿಮ ಜಾಸ್ತಿ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅಲ್ಲ. ಹಿಮ ಚಳಿಗಾಲ ಪೂರ್ತಿ ಬಿದ್ದು ಬಿದ್ದು ರಾಶಿಯಾಗೋದು ಮಾರ್ಚ್, ಏಪ್ರಿಲ್ ಹೊತ್ತಿಗೆ. ಟ್ರೊಮ್ಸೊದಲ್ಲಿ ಅಳೆದ ದಾಖಲೆ ಹಿಮ 240 ಸೆಂಟಿಮೀಟರ್, ಅದು 1997ರ ಏಪ್ರಿಲ್ 29ರಂದು. ಆದರೂ ಅಲ್ಲಿನ ಚಳಿ ಹೆದರುವಂಥದ್ದಲ್ಲ. ಅಟ್ಲಾಂಟಿಕ್‌ನಿಂದ ಬರುವ ಬೆಚ್ಚಗಿನ ಪ್ರವಾಹದಿಂದಾಗಿ ಸಮುದ್ರ ಹೆಪ್ಪುಗಟ್ಟೋದಿಲ್ಲ, ಮಾರ್ಚ್‌ನಲ್ಲಿ ಸರಾಸರಿ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಅಷ್ಟೇ. ಒಳನಾಡಿಗೆ, ಅಂದರೆ ಫಿನ್ಲೆಂಡಿನ ಇನಾರಿ ಕಡೆಗೋ ನಾರ್ವೆಯ ಕೌಟೊಕೆಯ್ನೊ ಕಡೆಗೋ ಹೋದರೆ ಅದೇ ತಿಂಗಳ ರಾತ್ರಿ ಮೈನಸ್ ಇಪ್ಪತ್ತು ದಾಟಬಹುದು. ಆದರೆ ಅಲ್ಲಿ ಗಾಳಿ ಕಮ್ಮಿ, ಒಣ ಚಳಿ.

ಆ ನೆಲದವರೇ ಆದ ಸಾಮಿ ಜನ ವರ್ಷವನ್ನು ನಾಲ್ಕು ಅಲ್ಲ, ಎಂಟು ಕಾಲಗಳಾಗಿ ಎಣಿಸುತ್ತಾರೆ. ಚಳಿಗಾಲಕ್ಕೂ ವಸಂತಕ್ಕೂ ನಡುವೆ ಅವರಿಗೆ ಇನ್ನೊಂದು ಕಾಲ ಇದೆ, ವಸಂತದ ಚಳಿಗಾಲ. ಸ್ವೀಡನ್ನಿನವರು ಅದನ್ನೇ ವೋರ್‌ವಿಂಟರ್ ಅನ್ನುತ್ತಾರೆ. ನೆಲದ ಮೇಲೆ ಪೂರ್ತಿ ಹಿಮ, ತಲೆಯ ಮೇಲೆ ಬಿಸಿಲು. ಕೌಟೊಕೆಯ್ನೊದಲ್ಲಿ ಮದುವೆಗಳು ಮೊದಲಿನಿಂದಲೂ ನಡೆಯುತ್ತಿದ್ದದ್ದು ಈಸ್ಟರ್ ಹೊತ್ತಿನಲ್ಲಿ, ಅಂದರೆ ಇದೇ ಕಾಲದಲ್ಲಿ. ಹಿಮಸಾರಂಗಗಳನ್ನು ಕರಾವಳಿ ಕಡೆ ಹೊಡೆದುಕೊಂಡು ಹೋಗುವ ಮೊದಲು ಎಲ್ಲರೂ ಊರಲ್ಲಿ ಸೇರುವ ಸಮಯ ಅದು. ನನಗೆ ಇದು ಗೊತ್ತಾದಾಗ ಬಹಳ ಖುಷಿಯಾಯಿತು. ನಾವು ಲೆಕ್ಕ ಹಾಕಿ ಹಾಕಿ ಬಂದು ತಲುಪಿದ ತಿಂಗಳಲ್ಲೇ ಅಲ್ಲಿನವರು ಎಷ್ಟೋ ತಲೆಮಾರಿನಿಂದ ಮದುವೆ ಮಾಡುತ್ತಾ ಬಂದಿದ್ದಾರೆ.

ಟ್ರೊಮ್ಸೊನಾ, ಲೊಫೊಟೆನ್ನಾ? ಹಿಮ ಖಂಡಿತ ಬೇಕು ಅಂದರೆ ಟ್ರೊಮ್ಸೊ ಸುತ್ತಮುತ್ತ. ಲೊಫೊಟೆನ್‌ನ ಬೆಟ್ಟಗಳು ಸಮುದ್ರದಿಂದ ನೇರ ಎದ್ದು ನಿಂತಿರುತ್ತವೆ, ಅದರ ಮುಂದೆ ಯಾವುದೂ ಇಲ್ಲ ನಿಜ. ಆದರೆ ಅಲ್ಲಿನ ದಂಡೆಗಳಲ್ಲಿ ಹಿಮ ಇವತ್ತು ಇದ್ದು ನಾಳೆ ಮಳೆಗೆ ಕರಗಿರುತ್ತದೆ.

ಕೊನೆಯದಾಗಿ, ದಯವಿಟ್ಟು ಒಂದೇ ದಿನಕ್ಕೆ ಎಲ್ಲ ಕಟ್ಟಿಹಾಕಬೇಡಿ. ನಾನು ಸಾಕ್ಷಿಯಾಗಿ ನಿಂತಿದ್ದ ಒಂದು ಮದುವೆ ಟ್ರೊಮ್ಸೊದಿಂದ ಗಂಟೆ ದಾರಿಯ ಸೊಮ್ಮಾರೊಯ್ ದ್ವೀಪದಲ್ಲಿ ಆಗಬೇಕಿತ್ತು. ಮಾರ್ಚ್ ತಿಂಗಳು. ಮೊದಲ ದಿನ ಎದುರಿಗಿರುವ ಕಾರಿನ ದೀಪವೂ ಕಾಣದಷ್ಟು ಹಿಮ. ಎರಡನೇ ದಿನ ಹಿಮ ನಿಂತು ಗಾಳಿ ಎದ್ದಿತು, ಕಾರಿನ ಬಾಗಿಲು ತೆಗೆಯೋಕೆ ಇಬ್ಬರು ಬೇಕಾಯಿತು. ಹುಡುಗಿ ಏನೂ ಮಾತಾಡದೆ ಕಿಟಕಿ ಹತ್ತಿರ ಕೂತು ಕಾಲ್ಚೀಲ ಹಾಕುತ್ತಾ ತೆಗೆಯುತ್ತಾ ಇದ್ದಳು. ಮೂರನೇ ದಿನ ಮಧ್ಯಾಹ್ನ ಮೋಡ ಹರಿಯಿತು. ನಾಲ್ಕೂವರೆಗೆ ದಂಡೆಗೆ ಇಳಿದೆವು. ಬಿಳಿ ಮರಳು, ಅದರ ಮೇಲೆ ಬಿಳಿ ಹಿಮ, ಎರಡೂ ಎಲ್ಲಿ ಸೇರುತ್ತವೆ ಅಂತ ಕಾಲಿಟ್ಟಾಗಲೇ ಗೊತ್ತಾಗೋದು. ದೂರದಲ್ಲಿ ಹೋಯಾ ದ್ವೀಪ ಚೂಪಾಗಿ ನಿಂತಿತ್ತು. ಹತ್ತು ನಿಮಿಷದ ಮದುವೆ. ಅವರ ಹತ್ತಿರ ಐದು ದಿನ ಇತ್ತು, ಅದಕ್ಕೇ ಅದು ಸಾಧ್ಯವಾಯಿತು. ನೀವೂ ಕನಿಷ್ಠ ನಾಲ್ಕು ದಿನ ಕೈಯಲ್ಲಿಟ್ಟುಕೊಳ್ಳಿ. ನಡೆಸಿಕೊಡುವವರಿಗೂ ಫೋಟೋಗ್ರಾಫರ್‌ಗೂ ಬುಕ್ ಮಾಡುವಾಗಲೇ ಇದನ್ನು ಹೇಳಿ, ದಿನ ಬದಲಾದರೆ ಬರ್ತೀರಾ ಅಂತ ಕೇಳಿ. ಒಪ್ಪದವರನ್ನು ಬಿಟ್ಟುಬಿಡಿ.

ಪ್ರಶ್ನೆ: ನಮಗಿಬ್ಬರಿಗೂ ಒಟ್ಟಿಗೆ ರಜೆ ಸಿಗೋದು ಡಿಸೆಂಬರ್ ಕೊನೆಯಲ್ಲಿ ಮಾತ್ರ. ಆಗ ಅಲ್ಲಿ ಸೂರ್ಯನೇ ಬರೋದಿಲ್ವಂತೆ. ಪೂರ್ತಿ ಕತ್ತಲಲ್ಲಿ ಮದುವೆಯಾದ ಹಾಗೆ ಆಗುತ್ತಾ? ಬೇಡ ಅಂತೀರಾ?

ಉತ್ತರ: ಬೇಡ ಅನ್ನೋದಿಲ್ಲ. ಆದರೆ ಜಾಗ ಸರಿಯಾಗಿ ಆರಿಸಿ.

ಪೋಲಾರ್ ನೈಟ್ ಅಂದರೆ ಇಪ್ಪತ್ತನಾಲ್ಕು ಗಂಟೆ ಕಗ್ಗತ್ತಲು ಅಂತ ಅಲ್ಲ. ಸೂರ್ಯ ದಿಗಂತದ ಕೆಳಗೇ ಇರುತ್ತಾನೆ, ಆದರೆ ಎಷ್ಟು ಕೆಳಗೆ ಅನ್ನೋದು ಮುಖ್ಯ. ಡಿಸೆಂಬರ್ 21ರಂದು ಟ್ರೊಮ್ಸೊದಲ್ಲಿ ಮಧ್ಯಾಹ್ನ ಸೂರ್ಯ ಕೇವಲ ಮೂರು ಡಿಗ್ರಿ ಕೆಳಗಿರುತ್ತಾನೆ. ಹಾಗಾಗಿ ಸುಮಾರು ಒಂಬತ್ತೂವರೆಯಿಂದ ಒಂದೂಮುಕ್ಕಾಲಿನವರೆಗೆ, ಅಂದರೆ ನಾಲ್ಕು ಗಂಟೆಗಿಂತ ಸ್ವಲ್ಪ ಜಾಸ್ತಿ, ಓದೋಕೆ ನಡೆಯೋಕೆ ಸಾಕಾಗುವಷ್ಟು ಬೆಳಕಿರುತ್ತದೆ. ಆ ಬೆಳಕು ಬೇರೆ ಎಲ್ಲೂ ಸಿಗೋದಿಲ್ಲ. ಹಿಮ ನೀಲಿ, ಸಮುದ್ರ ನೀಲಿ, ದಕ್ಷಿಣದ ಕಡೆ ಮಾತ್ರ ಆಕಾಶದ ಅಂಚಿಗೆ ಗುಲಾಬಿ ಬಣ್ಣದ ಒಂದು ಪಟ್ಟಿ. ನಾರ್ವೆಯವರು ಈ ಕಾಲವನ್ನು ಮೊರ್ಕೆತೀದ್ ಅನ್ನುತ್ತಾರೆ, ಫಿನ್ಲೆಂಡಿನವರು ಕಾಮೊಸ್ ಅನ್ನುತ್ತಾರೆ. ಮದುವೆಯನ್ನು ಹನ್ನೊಂದರಿಂದ ಹನ್ನೆರಡರೊಳಗೆ ಇಟ್ಟುಕೊಳ್ಳಿ. ಆಕಾಶ ಮೋಡದಿಂದ ಮುಚ್ಚಿದ್ದರೆ ಈ ನಾಲ್ಕು ಗಂಟೆಯೂ ಬೂದಿ ಬಣ್ಣಕ್ಕೆ ತಿರುಗುತ್ತದೆ, ಇದನ್ನು ಮುಚ್ಚಿಡೋದಿಲ್ಲ.

ನೀವು ಲೊಫೊಟೆನ್‌ಗೆ ಇಳಿದರೆ ಇನ್ನೂ ಸ್ವಲ್ಪ ಬೆಳಕು ಜಾಸ್ತಿ. ಅಲ್ಲಿ ಸೂರ್ಯ ಕಾಣದ ದಿನಗಳು ಡಿಸೆಂಬರ್ 7ರ ಸುಮಾರಿಗೆ ಶುರುವಾಗಿ ಜನವರಿ 5ರ ಸುಮಾರಿಗೆ ಮುಗಿಯುತ್ತವೆ. ಫಿನ್ಲೆಂಡಿನ ರೊವಾನಿಯೆಮಿ ಆರ್ಕ್ಟಿಕ್ ವೃತ್ತದ ಅಂಚಿನಲ್ಲೇ ಇದೆ. ಅಲ್ಲಿ ಆ ದಿನಗಳಲ್ಲೂ ಸೂರ್ಯ ದಿಗಂತದ ಅಂಚಿಗೆ ಬಂದು ಹೋಗುತ್ತಾನೆ. ಆದರೆ ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿ ವಿಪರೀತ ಜನ, ಇಬ್ಬರೇ ಇರಬೇಕು ಅಂತ ಹೋಗುವವರಿಗೆ ನಾನು ಹೇಳೋದಿಲ್ಲ. ನನ್ನ ಆಯ್ಕೆ ಸ್ವೀಡನ್ನಿನ ಅಬಿಸ್ಕೊ. ಪಶ್ಚಿಮದ ಬೆಟ್ಟಗಳು ಮೋಡದ ನೀರನ್ನೆಲ್ಲ ಹಿಂಡಿಬಿಡುವುದರಿಂದ ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಾತ್ರ ಮಳೆ ಹಿಮ ಬೀಳುವ ಒಣ ಜಾಗ ಅದು. ಟೊರ್ನೆತ್ರೆಸ್ಕ್ ಸರೋವರದ ಮೇಲೆ ಎಷ್ಟೋ ಸಲ ಸುತ್ತಲೂ ಮೋಡವಿದ್ದು ಅಲ್ಲಿ ಮಾತ್ರ ಆಕಾಶ ಬಿಚ್ಚಿರುತ್ತದೆ.

ಒಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಸೂರ್ಯ ಕೆಳಗಿಳಿದಿರುವ ಈ ದಿನಗಳಲ್ಲಿ ಹುಣ್ಣಿಮೆ ಚಂದ್ರ ಮೇಲೇರಿರುತ್ತಾನೆ. ಡಿಸೆಂಬರ್ ಹುಣ್ಣಿಮೆಯ ಆಸುಪಾಸಿನ ಕೆಲವು ದಿನ ಟ್ರೊಮ್ಸೊದಲ್ಲಿ ಚಂದ್ರ ಮುಳುಗೋದೇ ಇಲ್ಲ, ತಲೆಯ ಮೇಲೆ ಸುತ್ತು ಹಾಕುತ್ತಲೇ ಇರುತ್ತಾನೆ. ಹಿಮದ ಮೇಲೆ ಆ ಬೆಳದಿಂಗಳು ಬಿದ್ದರೆ ನಿಮ್ಮ ನೆರಳು ಸ್ಪಷ್ಟವಾಗಿ ಕಾಣುತ್ತದೆ. ನಿಮ್ಮ ರಜೆ ಹುಣ್ಣಿಮೆಗೆ ಹತ್ತಿರ ಬೀಳುತ್ತಾ ಅಂತ ಕ್ಯಾಲೆಂಡರ್ ನೋಡಿ. ಬಿದ್ದರೆ ಯೋಚನೆ ಮಾಡದೆ ಹೋಗಿ.

ಪ್ರಶ್ನೆ: ನನಗೆ ಚಳಿ ಅಂದ್ರೆ ಆಗಲ್ಲ, ಕೈ ಬೆರಳು ಬೆಳ್ಳಗಾಗಿಬಿಡುತ್ತವೆ. ನಾನು ಮದುವೆಯಾಗುವವರಿಗೆ ಆರ್ಕ್ಟಿಕ್ ಬಿಟ್ಟು ಬೇರೆ ಜಾಗ ಬೇಡ. ಮಧ್ಯರಾತ್ರಿ ಸೂರ್ಯನ ಕೆಳಗೆ ಮದುವೆಯಾಗಬಹುದಾ?

ಉತ್ತರ: ಧಾರಾಳವಾಗಿ ಆಗಬಹುದು. ಜೂನ್ ಮೊದಲ ಎರಡು ವಾರದಲ್ಲಿ ಲೊಫೊಟೆನ್‌ಗೆ ಹೋಗಿ. ಅಲ್ಲಿ ಮೇ 28ರಿಂದ ಜುಲೈ 14ರವರೆಗೆ ಸೂರ್ಯ ಮುಳುಗೋದಿಲ್ಲ. ಜುಲೈಗಿಂತ ಜೂನ್ ಯಾಕೆ ಅಂದರೆ, ಜುಲೈನಲ್ಲಿ ನಾರ್ವೆಗೆ ನಾರ್ವೆಯೇ ರಜೆ ಹಾಕುತ್ತದೆ. ಲೊಫೊಟೆನ್‌ಗೆ ಇರುವ ಮುಖ್ಯ ರಸ್ತೆ ಇ10 ಒಂದೇ, ಅದೂ ಎಷ್ಟೋ ಕಡೆ ಕಿರಿದು, ಕ್ಯಾಂಪರ್ ವ್ಯಾನ್‌ಗಳ ಸಾಲು ಮುಗಿಯೋದೇ ಇಲ್ಲ. ಜೂನ್ ಶುರುವಿನಲ್ಲಿ ಬೆಟ್ಟದ ತುದಿಗಳಲ್ಲಿ ಇನ್ನೂ ಹಿಮದ ಗೆರೆಗಳಿರುತ್ತವೆ, ಕೆಳಗೆ ಹುಲ್ಲು ಹಸಿರಾಗಿರುತ್ತದೆ.

ಎರಡು ತಪ್ಪು ಎಲ್ಲರೂ ಮಾಡುತ್ತಾರೆ. ಮೊದಲನೇದು ದಿಕ್ಕು. ಮಧ್ಯರಾತ್ರಿಯ ಸೂರ್ಯ ಇರೋದು ಉತ್ತರದಲ್ಲಿ. ರೈನೆ, ಹಾಮ್ನೊಯ್ ಕಡೆಯ ಕೆಂಪು ಮೀನುಗಾರರ ಮನೆಗಳ ಫೋಟೋ ನೋಡಿ ಅಲ್ಲೇ ಬುಕ್ ಮಾಡುತ್ತಾರೆ. ಅವು ದ್ವೀಪದ ಇನ್ನೊಂದು ಮಗ್ಗುಲಲ್ಲಿವೆ, ರಾತ್ರಿ ಸೂರ್ಯ ಬೆಟ್ಟದ ಹಿಂದೆ ಹೋಗಿಬಿಡುತ್ತಾನೆ. ಉಟ್ಟಾಕ್ಲೈವ್, ಎಗ್ಗುಮ್ ಥರದ, ತೆರೆದ ಸಮುದ್ರಕ್ಕೆ ಮುಖ ಮಾಡಿದ ದಂಡೆಗಳಿಗೆ ಹೋಗಿ. ಎರಡನೇದು ಗಡಿಯಾರ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುವುದರಿಂದ ಅಲ್ಲಿ ಸೂರ್ಯ ತೀರಾ ಕೆಳಗೆ ಬರೋದು ಹನ್ನೆರಡಕ್ಕಲ್ಲ, ರಾತ್ರಿ ಒಂದರ ಹೊತ್ತಿಗೆ. ಹನ್ನೊಂದರಿಂದ ಮೂರರವರೆಗೆ ಸಮುದ್ರ, ಕಲ್ಲು, ಮುಖ ಎಲ್ಲದರ ಮೇಲೂ ಜೇನುತುಪ್ಪದ ಬಣ್ಣ. ಆ ಹೊತ್ತಿಗೆ ದಂಡೆಯಲ್ಲಿ ಕುರಿಗಳು ಬಿಟ್ಟರೆ ಹೆಚ್ಚು ಜನ ಇರೋದಿಲ್ಲ. ಹಗಲು ಮಲಗಿ, ರಾತ್ರಿ ಮದುವೆಯಾಗಿ.

ಬೇಸಿಗೆ ಅಂದರೂ ಸೆಖೆ ಇರೋದಿಲ್ಲ. ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಹೋಗೋದು ಮಾಮೂಲು, ಉಣ್ಣೆಯ ಒಳ ಅಂಗಿ ತಗೊಂಡು ಹೋಗಿ. ನಿಮ್ಮ ಬೆರಳಿನ ವಿಷಯ ಡಾಕ್ಟರ್ ಹತ್ತಿರ ಒಮ್ಮೆ ಕೇಳಿಬಿಡಿ, ಸುಮ್ನೆ ಬಿಡಬೇಡಿ. ಜೂನ್‌ನಲ್ಲಿ ಆರ್ಕ್ಟಿಕ್ ಟರ್ನ್ ಹಕ್ಕಿಗಳು ದಂಡೆಯ ಕಲ್ಲುಗಳ ನಡುವೆ ನೆಲದಲ್ಲೇ ಮೊಟ್ಟೆ ಇಟ್ಟಿರುತ್ತವೆ. ಹತ್ತಿರ ಹೋದರೆ ಕಿರುಚುತ್ತಾ ನೇರ ತಲೆಗೇ ಎರಗುತ್ತವೆ. ಅವು ಗಲಾಟೆ ಮಾಡಿದ ಕೂಡಲೇ ನೀವೇ ಹಿಂದೆ ಸರಿಯಿರಿ, ಅದು ಅವುಗಳ ಮನೆ. ಸೊಳ್ಳೆ ಕಾಟ ಕರಾವಳಿಯಲ್ಲಿ ಗಾಳಿಯಿಂದಾಗಿ ಕಮ್ಮಿ. ಇದೇ ಮದುವೆಯನ್ನು ಜುಲೈನಲ್ಲಿ ಫಿನ್ಲೆಂಡಿನ ಒಳನಾಡಿನ ಕೆರೆ ದಂಡೆಯಲ್ಲಿ ಇಟ್ಟುಕೊಂಡರೆ ಒಂದು ನಿಮಿಷ ನೆಟ್ಟಗೆ ನಿಲ್ಲೋಕಾಗಲ್ಲ.

ಪ್ರಶ್ನೆ: ಸೆಪ್ಟೆಂಬರ್ ಬಗ್ಗೆ ಯಾರೂ ಹೇಳೋದೇ ಇಲ್ಲ ಯಾಕೆ?

ಉತ್ತರ: ನಾನು ಹೇಳುತ್ತೇನೆ. ಮಾರ್ಚ್ ಆಗದಿದ್ದರೆ ನನ್ನ ಎರಡನೇ ಆಯ್ಕೆ ಅದೇ. ಹಿಮ ಮುಖ್ಯ ಅಲ್ಲ ಅನ್ನುವವರಿಗೆ ಮೊದಲನೇ ಆಯ್ಕೆಯೂ ಹೌದು. ಫಿನ್ಲೆಂಡಿನ ಉತ್ತರದಲ್ಲಿ ಸೆಪ್ಟೆಂಬರ್ ಮೊದಲ ಎರಡು ವಾರದಲ್ಲಿ ಬರ್ಚ್ ಮರಗಳು ಹಳದಿಯಾಗುತ್ತವೆ, ಮೊಣಕಾಲುದ್ದದ ಕುಳ್ಳ ಬರ್ಚ್ ಗಿಡಗಳು ಬೆಟ್ಟದ ತುಂಬ ಕೆಂಪಾಗುತ್ತವೆ. ಇದಕ್ಕೆ ಅವರು ರುಸ್ಕಾ ಅನ್ನುತ್ತಾರೆ, ಇದನ್ನು ನೋಡೋಕೆ ಅಂತಲೇ ರಜೆ ಹಾಕಿ ಬರುತ್ತಾರೆ. ಕೆರೆಗಳು ಇನ್ನೂ ಹೆಪ್ಪುಗಟ್ಟಿರೋದಿಲ್ಲ, ರಾತ್ರಿಗಳು ಮತ್ತೆ ಕತ್ತಲಾಗಿರುತ್ತವೆ, ಅರೋರಾ ಬಂದರೆ ನೀರಿನಲ್ಲೂ ಕಾಣುತ್ತದೆ. ಸೊಳ್ಳೆಗಳೂ ಹೋಗಿರುತ್ತವೆ. ಕಿಲ್ಪಿಸ್ಯಾರ್ವಿ, ಇನಾರಿ, ಅಬಿಸ್ಕೊ ಮೂರೂ ಚೆನ್ನ. ಬಣ್ಣ ಉತ್ತುಂಗದಲ್ಲಿರೋದು ಒಂದು ವಾರ ಅಷ್ಟೇ, ಒಂದು ಜೋರು ಗಾಳಿಗೆ ಎಲೆ ಪೂರ್ತಿ ಉದುರಬಹುದು. ಅಕ್ಟೋಬರ್‌ಗೆ ಮಾತ್ರ ತಳ್ಳಬೇಡಿ. ಟ್ರೊಮ್ಸೊದಲ್ಲಿ ವರ್ಷದಲ್ಲೇ ಹೆಚ್ಚು ಮಳೆ ಬರುವ ತಿಂಗಳು ಅದು.

ಪ್ರಶ್ನೆ: ಕಾನೂನಿನ ಪ್ರಕಾರವೇ ಅಲ್ಲಿ ಮದುವೆಯಾಗಬೇಕು ಅಂತಿದೆ. ಇಬ್ಬರೂ ಆ ದೇಶದವರಲ್ಲ. ಎಷ್ಟು ಮೊದಲು ಶುರು ಮಾಡಬೇಕು?

ಉತ್ತರ: ಕಾಲ ಆರಿಸುವಾಗ ಈ ಕಾಗದಪತ್ರವನ್ನೂ ಲೆಕ್ಕಕ್ಕೆ ಹಿಡಿಯಬೇಕು, ನೀವು ಕೇಳಿದ್ದು ಒಳ್ಳೇದಾಯಿತು. ನಾರ್ವೆಯಲ್ಲಿ ಮೊದಲು ತೆರಿಗೆ ಇಲಾಖೆಯಿಂದ ಒಂದು ಪ್ರಮಾಣಪತ್ರ ಬೇಕು, ಪ್ರೂವಿಂಗ್ಸ್‌ಅಟೆಸ್ಟ್ ಅಂತ. ನಿಮ್ಮಿಬ್ಬರ ಮದುವೆಗೆ ಕಾನೂನಿನ ಅಡ್ಡಿ ಇಲ್ಲ ಅಂತ ಪರೀಕ್ಷಿಸಿ ಕೊಡುವ ಪತ್ರ. ಮದುವೆಗೆ ತೆರಿಗೆ ಇಲಾಖೆ ಯಾಕೆ ಅನ್ನಬೇಡಿ, ಅಲ್ಲಿ ಜನರ ನೋಂದಣಿಯನ್ನೂ ಅವರೇ ನೋಡಿಕೊಳ್ಳೋದು. ನಿಮ್ಮನ್ನು ಚೆನ್ನಾಗಿ ಬಲ್ಲವರು ಬರೆದುಕೊಡುವ ಹೇಳಿಕೆಯೂ ಬೇಕು. ಮದುವೆಯ ದಿನ ನೀವು ಆ ದೇಶದಲ್ಲಿ ಕಾನೂನುಬದ್ಧವಾಗಿ ಇರಬೇಕು, ಅಂದರೆ ವೀಸಾ ಸರಿಯಾಗಿರಬೇಕು. ಸ್ವೀಡನ್ನಿನಲ್ಲೂ ಈ ಕೆಲಸ ತೆರಿಗೆ ಇಲಾಖೆಯದ್ದೇ, ಫಿನ್ಲೆಂಡಿನಲ್ಲಿ ಜನಸಂಖ್ಯಾ ದಾಖಲೆಗಳ ಇಲಾಖೆಯದ್ದು.

ಮೂರೂ ದೇಶಗಳಲ್ಲಿ ಈ ಪತ್ರದ ಆಯುಸ್ಸು ನಾಲ್ಕು ತಿಂಗಳು. ಇಲ್ಲೇ ಜನ ಎಡವೋದು. ಮಾರ್ಚ್ ಕೊನೆಗೆ ಮದುವೆ ಇದ್ದು ಅಕ್ಟೋಬರ್‌ನಲ್ಲೇ ಪತ್ರ ಕೈಗೆ ಬಂದರೆ ಅದು ಫೆಬ್ರವರಿಗೆ ಮುಗಿದುಹೋಗುತ್ತದೆ. ತಡ ಮಾಡಿದರೆ ಪತ್ರವೇ ಬಂದಿರೋದಿಲ್ಲ. ಹಾಗಾಗಿ ದಾಖಲೆಗಳನ್ನು ಬೇಗ ಕೂಡಿಸಿ, ಆದರೆ ಅರ್ಜಿಯನ್ನು ದಿನ ನೋಡಿ ಹಾಕಿ. ಎಷ್ಟು ವಾರ ಹಿಡಿಯುತ್ತದೆ ಅಂತ ಆಯಾ ಇಲಾಖೆಯನ್ನೇ ಕೇಳಿ.

ನಾರ್ವೆಯಲ್ಲಿ 2018ರಿಂದ ಸಿವಿಲ್ ಮದುವೆಗಳನ್ನು ಸ್ಥಳೀಯ ಪುರಸಭೆಗಳು, ಅಂದರೆ ಅಲ್ಲಿನ ಕೊಮ್ಯೂನೆಗಳು ನಡೆಸುತ್ತವೆ. ಅವರ ಕಚೇರಿಯಲ್ಲಾದರೆ ಸುಲಭ, ದಂಡೆಗೋ ಬೆಟ್ಟಕ್ಕೋ ಬಂದು ನಡೆಸಿಕೊಡೋದು ಅವರ ಇಷ್ಟಕ್ಕೆ ಬಿಟ್ಟಿದ್ದು. ಬಂದರೆ ಕ್ರೋನರ್‌ನಲ್ಲಿ ಬೇರೆ ಶುಲ್ಕ ಕೇಳಬಹುದು. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಪೂರ್ತಿ ಇಬ್ಬರೇ ಅನ್ನೋದು ಅಲ್ಲಿಗೆ ಮುರಿಯಿತು, ಆದರೆ ಫೋಟೋಗ್ರಾಫರ್ ಮತ್ತು ಗೈಡ್ ಸಾಕ್ಷಿಯಾಗೋದು ಅಲ್ಲಿ ಸಾಮಾನ್ಯ.

ಹವಾಮಾನ ನಂಬೋಕಾಗದ ಕಾಲದಲ್ಲಿ ಹೋಗುವವರಿಗೆ ನನ್ನ ಸಲಹೆ ಬೇರೆ. ಕಾನೂನಿನ ಮದುವೆಯನ್ನು ನಿಗದಿಯಾದ ದಿನ ಕಚೇರಿಯಲ್ಲಿ ಮುಗಿಸಿಬಿಡಿ. ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಾದ ಮಾತು, ಉಂಗುರ, ಅದೆಲ್ಲವನ್ನೂ ಆಕಾಶ ತಿಳಿಯಾದ ದಿನ ಹೊರಗೆ ಇಟ್ಟುಕೊಳ್ಳಿ. ಯಾವುದು ನಿಜವಾದ ಮದುವೆ ಅಂತ ನಿಮಗೆ ಗೊತ್ತಿರುತ್ತದೆ. ಹೊರಗೆ ನಿಲ್ಲೋಕೆ ಹೆದರಬೇಕಿಲ್ಲ. ನಾರ್ವೆಯಲ್ಲಿ 1957ರ ಕಾಯ್ದೆಯಿಂದ ಬಂದ ಹಕ್ಕಿದೆ, ಬಯಲು, ಬೆಟ್ಟ, ದಂಡೆಗಳಲ್ಲಿ ಯಾರು ಬೇಕಾದರೂ ನಡೆಯಬಹುದು. ಕಮಾನು, ಕುರ್ಚಿ, ಸ್ಪೀಕರ್ ಅಂತ ಹೊತ್ತುಕೊಂಡು ಹೋಗೋದಾದರೆ ಜಾಗದ ಮಾಲೀಕರನ್ನು ಕೇಳಿ. ಹೂವಿನ ಎಸಳು, ಬಣ್ಣದ ಕಾಗದ ಚೂರು ಎರಚೋದು ಬೇಡವೇ ಬೇಡ. ಆ ನೆಲದಲ್ಲಿ ಬಿದ್ದದ್ದು ಬೇಗ ಕೊಳೆಯೋದಿಲ್ಲ.

ಪ್ರಶ್ನೆ: ನಾರ್ವೆಯ ದೂರದ ಉತ್ತರದ ದ್ವೀಪಗಳು, ಸ್ವಾಲ್ಬಾರ್ಡ್ ಬಗ್ಗೆ ಹೇಳಿ. ಹಿಮಕರಡಿ ಇರುವ ಜಾಗದಲ್ಲಿ ಮದುವೆಯಾಗೋದು ಹುಚ್ಚುತನವಾ?

ಉತ್ತರ: ಹುಚ್ಚುತನ ಅಲ್ಲ, ಆದರೆ ಗೈಡ್ ಇಲ್ಲದೆ ಹೋಗೋದು ಹುಚ್ಚುತನ. ಲಾಂಗ್‌ಯಿಯರ್‌ಬಿಯೆನ್, ಅಂದರೆ ಅಲ್ಲಿನ ಮುಖ್ಯ ಊರಿನ ಗಡಿ ದಾಟಿದ ಮೇಲೆ ಕರಡಿಯಿಂದ ರಕ್ಷಣೆಯ ವ್ಯವಸ್ಥೆ ಇರಬೇಕು, ಹಾಗಾಗಿ ಬಂದೂಕು ಹಿಡಿದ ಗೈಡ್ ನಿಮ್ಮ ಮದುವೆಯ ಅಂಚಿನಲ್ಲಿ ಬೆನ್ನು ಮಾಡಿ ನಿಂತು ಸುತ್ತ ನೋಡುತ್ತಿರುತ್ತಾರೆ. ಅಲ್ಲಿನ ಗವರ್ನರ್ ಕಚೇರಿಯೂ ಚರ್ಚೂ ಮದುವೆ ನಡೆಸಿಕೊಡುತ್ತವೆ.

ಕಾಲದ ವಿಷಯಕ್ಕೆ ಬಂದರೆ, 78 ಡಿಗ್ರಿ ಉತ್ತರದಲ್ಲಿ ಎಲ್ಲವೂ ಇನ್ನೂ ತೀವ್ರ. ಅಕ್ಟೋಬರ್ 26ರಿಂದ ಫೆಬ್ರವರಿ 15ರವರೆಗೆ ಸೂರ್ಯ ದಿಗಂತದ ಕೆಳಗೆ. ನಡು ಚಳಿಗಾಲದಲ್ಲಿ ಟ್ರೊಮ್ಸೊದ ಆ ನೀಲಿ ಬೆಳಕೂ ಇಲ್ಲಿ ಇಲ್ಲ, ಮಧ್ಯಾಹ್ನವೂ ನಕ್ಷತ್ರ ಕಾಣುತ್ತದೆ. ಸುತ್ತ ಬೆಟ್ಟಗಳಿರುವುದರಿಂದ ಊರೊಳಗೆ ಬಿಸಿಲು ಮುಟ್ಟೋದು ಮಾರ್ಚ್ 8ಕ್ಕೆ. ಹಳೇ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಊರಿಗೆ ಊರೇ ಸೇರಿ ಆ ಬಿಸಿಲಿಗಾಗಿ ಕಾಯುತ್ತದೆ, ವಾರಪೂರ್ತಿ ಹಬ್ಬ. ನಾನಾದರೆ ಅದಕ್ಕಿಂತ ಸ್ವಲ್ಪ ಮೊದಲು, ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲ ವಾರದಲ್ಲಿ ಹೋಗುತ್ತೇನೆ. ಹಿಮದ ಮೇಲೆ ನೀಲಿ, ನೇರಳೆ, ಗುಲಾಬಿ ಮೂರೂ ಬೆರೆತ ಬೆಳಕು ಇರೋದು ಆಗ. ಮೈನಸ್ ಹದಿನೈದರ ಚಳಿಗೆ ಸಿದ್ಧರಾಗಿ. ಸ್ನೋಮೊಬೈಲ್‌ನಲ್ಲಿ ದೂರ ಹೋಗಬೇಕು, ಅರೋರಾ ಬೇಡ ಅಂದರೆ ಏಪ್ರಿಲ್ ಉತ್ತಮ. ಏಪ್ರಿಲ್ 20ರ ನಂತರ ಅಲ್ಲಿ ರಾತ್ರಿಯೇ ಇಲ್ಲ.

ಸ್ವಾಲ್ಬಾರ್ಡ್ ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ ಒಳಗೆ ಬರೋದಿಲ್ಲ. ನಾರ್ವೆಯಿಂದ ಅಲ್ಲಿಗೆ ಹೋಗಿ ಮತ್ತೆ ನಾರ್ವೆಗೆ ಬರುವಾಗ ಎರಡನೇ ಸಲ ಒಳಗೆ ಬಂದ ಲೆಕ್ಕ. ಷೆಂಗೆನ್ ವೀಸಾ ಬೇಕಾದವರು ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಇರುವ ವೀಸಾನೇ ಕೇಳಿ. ಇದನ್ನು ಮರೆತರೆ ವಾಪಸ್ ಬರುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ.

ಪ್ರಶ್ನೆ: ಅಪ್ಪ ಅಮ್ಮ ಇಬ್ಬರೂ ಬರ್ತೀವಿ ಅಂತಿದ್ದಾರೆ. ಅಮ್ಮನಿಗೆ ಮಂಡಿ ನೋವು. ಹಿಮದಲ್ಲಿ ಕರ್ಕೊಂಡು ಹೋಗಬಹುದಾ?

ಉತ್ತರ: ಅಮ್ಮ ಬರ್ತಾರೆ ಅಂದರೆ ಕಾಲವನ್ನು ಅಮ್ಮನ ಮಂಡಿ ನೋಡಿ ಆರಿಸಿ. ಅಪಾಯ ಇರೋದು ಹಿಮದಲ್ಲಲ್ಲ, ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ ಗಾಜಿನಂಥ ನೆಲದಲ್ಲಿ. ಕರಾವಳಿಯಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೂ ಇದು ಇದ್ದದ್ದೇ. ಅಲ್ಲಿನವರು ಬೂಟಿನ ಕೆಳಗೆ ಬ್ರೊಡ್ಡರ್ ಅನ್ನುವ ಮುಳ್ಳಿನ ಪಟ್ಟಿ ಹಾಕಿಕೊಂಡೇ ಓಡಾಡುತ್ತಾರೆ. ಆಗಸ್ಟ್ ಕೊನೆಯ ವಾರ ಅಥವಾ ಸೆಪ್ಟೆಂಬರ್ ಮೊದಲ ವಾರ ಇಟ್ಟುಕೊಳ್ಳಿ. ಟ್ರೊಮ್ಸೊದಲ್ಲಿ ಫ್ಯೆಲ್‌ಹೈಸನ್ ಕೇಬಲ್ ಕಾರ್ ನಾಲ್ಕು ನಿಮಿಷದಲ್ಲಿ 421 ಮೀಟರ್ ಎತ್ತರಕ್ಕೆ ಕರೆದೊಯ್ಯುತ್ತದೆ. ಮೇಲೆ ಕೂರೋಕೆ ಬೆಚ್ಚಗಿನ ಜಾಗ ಇದೆ, ಊರು, ಸಮುದ್ರ, ಬೆಟ್ಟ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಅಮ್ಮ ಹತ್ತಬೇಕಾಗಿಲ್ಲ, ಆದರೂ ಬೆಟ್ಟದ ಮೇಲೆ ಮಗಳ ಮದುವೆ ನೋಡುತ್ತಾರೆ.

ಪ್ರಶ್ನೆ: ಮಾರ್ಚ್‌ಗೆ ಎಲ್ಲ ಬುಕ್ ಆಗಿದೆ! ಸಣ್ಣ ಪುಟ್ಟದ್ದು ಏನು ಮರೆಯಬಾರದು ಹೇಳಿ.

ಉತ್ತರ: ಉಂಗುರ. ಚಳಿಗೆ ಬೆರಳು ಸಣ್ಣದಾಗುತ್ತದೆ, ಬೆಚ್ಚಗಿನ ಕೋಣೆಯಲ್ಲಿ ಬಿಗಿಯಾಗಿದ್ದ ಉಂಗುರ ಹೊರಗೆ ಜಾರುತ್ತದೆ. ಮೇಲೆ ಹೇಳಿದೆನಲ್ಲ, ಸೊಮ್ಮಾರೊಯ್ ಮದುವೆ, ಅಲ್ಲಿ ಹುಡುಗ ಫೋಟೋಗೆ ಅಂತ ಕೈ ಬೀಸಿದ್ದೇ ತಡ, ಹಾಕಿ ಐದು ನಿಮಿಷವಾಗದ ಉಂಗುರ ಹಿಮಕ್ಕೆ ಹೋಯಿತು. ಬಿದ್ದ ಜಾಗದಲ್ಲಿ ಒಂದು ಸಣ್ಣ ಸೀಳು ಕಾಣುತ್ತಿತ್ತು ಅಷ್ಟೇ. ಯಾರೂ ಕಾಲು ಎತ್ತಬೇಡಿ ಅಂತ ಹುಡುಗಿ ಕೂಗಿದಳು. ಅವಳೇ ಗ್ಲೌಸ್ ತೆಗೆದು ಮೊಣಕಾಲೂರಿ, ಹಿಮವನ್ನು ಹಿಡಿ ಹಿಡಿಯಾಗಿ ಎತ್ತಿ ಪಕ್ಕಕ್ಕೆ ಇಟ್ಟು ಹುಡುಕಿದಳು. ಎಂಟನೆಯದೋ ಒಂಬತ್ತನೆಯದೋ ಹಿಡಿಯಲ್ಲಿ ಸಿಕ್ಕಿತು. ಆಮೇಲೆ ಅದನ್ನು ಅವಳು ಅವನ ಬೆರಳಿಗೆ ಹಾಕಲಿಲ್ಲ, ತನ್ನ ಹೆಬ್ಬೆರಳಿಗೆ ಹಾಕಿ ಗ್ಲೌಸ್ ಎಳೆದುಕೊಂಡಳು. ನೀವು ಉಂಗುರ ಬದಲಿಸಿದ ಕೂಡಲೇ ಮೇಲೆ ತೆಳು ಉಣ್ಣೆ ಗ್ಲೌಸ್ ಹಾಕಿಬಿಡಿ.

ಹೇಳಿಕೊಳ್ಳಬೇಕಾದ ಮಾತುಗಳನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಚಳಿಗೆ ಪೆನ್ನು ಕೈಕೊಡುತ್ತದೆ, ಕೊನೇ ಗಳಿಗೆಯಲ್ಲಿ ಏನಾದರೂ ಸೇರಿಸಬೇಕು ಅನ್ನಿಸುತ್ತದೆ, ಅನ್ನಿಸಿಯೇ ಅನ್ನಿಸುತ್ತದೆ. ಇಂಕ್ ಜೆಟ್ ಪ್ರಿಂಟ್ ಬೇಡ, ಹಿಮದ ಹನಿ ಬಿದ್ದರೆ ಅಕ್ಷರ ಹರಡುತ್ತದೆ. ತಾಜಾ ಹೂವು ಹೆಪ್ಪುಗಟ್ಟಿ ಅಂಚು ಕಪ್ಪಾಗುತ್ತದೆ. ಒಣಗಿಸಿದ ಹೂವು, ಪೈನ್ ಕಡ್ಡಿ ಇದಕ್ಕಿಂತ ಚೆನ್ನಾಗಿ ಬಾಳುತ್ತವೆ. ಫೋನನ್ನು ಎದೆಯ ಹತ್ತಿರದ ಒಳ ಜೇಬಲ್ಲಿಡಿ, ಹೊರಗಿಟ್ಟರೆ ಅರ್ಧ ಚಾರ್ಜ್ ಇದ್ದರೂ ಆಫ್ ಆಗುತ್ತದೆ. ಕ್ಯಾಮೆರಾ ಒಳಗೆ ತರುವಾಗ ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಿ ತನ್ನಿ, ಇಲ್ಲದಿದ್ದರೆ ಲೆನ್ಸ್ ಒಳಗೆಲ್ಲ ತೇವ ಕೂರುತ್ತದೆ. ಮದುವೆ ಬಟ್ಟೆ ಒಂದು ಸೈಜ್ ದೊಡ್ಡದು ಹೊಲಿಸಿ, ಒಳಗೆ ಮೆರಿನೊ ಉಣ್ಣೆಯ ಎರಡು ಪದರ ಹಿಡಿಸಬೇಕು.

ಮತ್ತೆ, ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ನಿಮ್ಮ ಮದುವೆ ಆ ವಾರಾಂತ್ಯದಲ್ಲಿದ್ದರೆ ನಡೆಸಿಕೊಡುವವರ ಜೊತೆ ಸಮಯವನ್ನು ಇನ್ನೊಮ್ಮೆ ಮಾತಾಡಿಕೊಳ್ಳಿ.